ಹೊಡಿ, ಹಿಡಿ

"ಹೊಡಿ! ಹೊಡಿ ಅಂದ್ರೆ ಹೊಡಿ!"

ಪಂಪಜ್ಜ ಈಜುಕೊಳದ ಅಂಚಿನಲ್ಲಿ ಬರಿಗಾಲಲ್ಲಿ ಓಡುತ್ತ ಕೂಗುತ್ತಿದ್ದದ್ದು ಚೀಟಿಯಕ್ಕನಿಗೆ ಹಾಗೆ ಕೇಳಿಸಿತು. ಅವಳು ಹೊಡೆದಳು. ಬಲಗೈಯಲ್ಲಿ ಹೊಡೆದಳು, ಎಡಗೈಯಲ್ಲಿ ಹೊಡೆದಳು, ಎರಡು ಕಾಲಲ್ಲೂ ಒದ್ದಳು. ನೀರು ಚಿಮ್ಮಿ ಅಜ್ಜನ ಪೈಜಾಮ ತೋಯಿಸಿ, ವಾಪಸು ಬಂದು ಅವಳ ಮೂಗಿನೊಳಕ್ಕೇ ನುಗ್ಗಿತು. ಹದಿನಾರನೆಯ ಸಲ ಗೋಡೆ ಮುಟ್ಟುವಾಗ ಗೋಡೆ ಯಾವುದು ಆಕಾಶ ಯಾವುದು ಎಂದು ಅವಳಿಗೆ ತಿಳಿಯುವಂತಿರಲಿಲ್ಲ.

"ಹನ್ನೆರಡು ನಿಮಿಷ ನಲವತ್ತು ಸೆಕೆಂಡು," ಎಂದರು ದಿನಾ ಈಜಲು ಬರುವ ನಿವೃತ್ತ ಟೀಚರಮ್ಮ, ಕೈಗಡಿಯಾರ ನೋಡಿ, ತಪ್ಪೆಲ್ಲ ಗಡಿಯಾರದ್ದೇ ಎಂಬ ದನಿಯಲ್ಲಿ. ಆಗಬೇಕಾದದ್ದು ಹತ್ತು ನಿಮಿಷ.

ಆಫೀಸಿನ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಗಂಟಲು ಸರಿಪಡಿಸಿಕೊಂಡ. "ಅಕ್ಕಾ, ಕೊಳ ಖಾಲಿ ಮಾಡೋದಿದ್ರೆ ಹೇಳಿ. ಅದಕ್ಕೆ ಪಂಪ್ ಇದೆ."

"ಖಾಲಿ ಮಾಡಲ್ಲ ಸರ್. ನಿಮ್ಮ ಮುಖಕ್ಕೆ ಎರಚೋಕೆ ಒಂದಿಷ್ಟು ಉಳಿಸ್ತೀನಿ," ಎಂದಳು ಚೀಟಿಯಕ್ಕ. ಉಸಿರು ಸಾಲದೆ ಆ ಮಾತನ್ನು ಮೂರು ತುಂಡಾಗಿ ಹೇಳಬೇಕಾಯಿತು, ಆದರೂ ಹೇಳಿದಳು.

ಹದಿನಾಲ್ಕು ವರ್ಷ ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತು ಚೀಟಿ ಹರಿದುಕೊಟ್ಟವಳು ಚೀಟಿಯಕ್ಕನಾಗದೆ ಇನ್ನೇನಾದಾಳು? ಗಾಜಿನಲ್ಲಿ ಅರ್ಧಚಂದ್ರದಂಥ ಒಂದು ಕಿಂಡಿ. ಅದರೊಳಗೆ ಬರುವ ಕೈ ನೋಡಿಯೇ ಯಾರೆಂದು ಹೇಳುತ್ತಿದ್ದಳು. ದಿನದಲ್ಲಿ ಒಂದು ಗಂಟೆ, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ಕೊಳ ಹೆಂಗಸರಿಗೆ. ಬರುವವರು ಹೆಚ್ಚೆಂದರೆ ಇಪ್ಪತ್ತು ಮಂದಿ. ಮೊಣಕಾಲಜ್ಜಿ ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಅಯ್ಯಮ್ಮಾ ಎನ್ನುತ್ತ ಬಂದು, ಕೋಲನ್ನು ಏಣಿಗೆ ಒರಗಿಸಿ ನೀರಿಗಿಳಿದರೆ ಎದೆಮಟ್ಟದ ನೀರಿನಲ್ಲಿ ಹದಿನಾರರ ಹುಡುಗಿಯ ಹಾಗೆ ನಡೆಯುತ್ತಿದ್ದಳು. ಕೊನೆಯ ಕಾಲು ಗಂಟೆ, ಇನ್ನು ಯಾರೂ ಚೀಟಿ ಕೇಳುವುದಿಲ್ಲ ಎಂದಾದ ಮೇಲೆ, ಚೀಟಿಯಕ್ಕ ಕಿಂಡಿಗೆ 'ಈಗ ಬಂದೆ' ಎಂಬ ರಟ್ಟು ಅಡ್ಡವಿಟ್ಟು ತಾನೂ ಇಳಿಯುತ್ತಿದ್ದಳು. ಇಡೀ ದಿನದಲ್ಲಿ ಅವಳದ್ದು ಅಂತ ಇದ್ದದ್ದು ಆ ಕಾಲು ಗಂಟೆ ಮಾತ್ರ.

ಆ ಗಂಟೆಗೆ ಕಾವಲಿದ್ದ ಹುಡುಗಿ ಬೇರೆ ಊರಲ್ಲಿ ಕೆಲಸ ಸಿಕ್ಕಿ ಹೋದಳು. ಮಾರನೆಯ ದಿನವೇ ನೋಟಿಸು ಸಿದ್ಧ. ಮಹಿಳಾ ಜೀವರಕ್ಷಕಿ ಇಲ್ಲದ ಕಾರಣ ಹೆಂಗಸರ ಸಮಯ ರದ್ದು, ಆ ಹೊತ್ತು ಇನ್ನು ಮುಂದೆ ಗಂಡಸರ ಕ್ಲಬ್ಬಿಗೆ. ನೋಟಿಸು ಅಂಟಿಸಲು ಗೋಂದು ಕೊಟ್ಟವಳು ಚೀಟಿಯಕ್ಕನೇ. ಓದಿದ ಮೇಲೆ ಗೋಂದಿನ ಡಬ್ಬಿ ಹಿಡಿದುಕೊಂಡೇ ಮ್ಯಾನೇಜರನ ಕೋಣೆಗೆ ನುಗ್ಗಿದಳು.

"ಬೇರೆ ಯಾರನ್ನಾದ್ರೂ ಹುಡುಕೋಣ ಸರ್. ಎರಡು ತಿಂಗಳು ಟೈಮ್ ಕೊಡಿ."

"ಹುಡುಕಿ ಆಯ್ತಕ್ಕ, ಯಾರೂ ಸಿಗಲ್ಲ. ಇಪ್ಪತ್ತು ಜನಕ್ಕೋಸ್ಕರ ಎಲ್ಲಿಂದ ತರಲಿ? ಅಷ್ಟು ಆಸೆ ಇದ್ರೆ ಮನೇಲಿ ಬಕೆಟ್‌ನಲ್ಲಿ ಈಜಲಿ."

ಆ ಬಕೆಟ್ಟಿನ ಮಾತು ಬಾರದಿದ್ದರೆ ಅವಳು ಗೋಂದಿನ ಸಮೇತ ತೆಪ್ಪಗೆ ಹೊರಟುಬರುತ್ತಿದ್ದಳೋ ಏನೋ.

"ಹಾಗಾದ್ರೆ ನಾನೇ ಆಗ್ತೀನಿ."

"ಏನಾಗ್ತೀರಿ?"

"ಜೀವರಕ್ಷಕಿ."

ಮ್ಯಾನೇಜರ್ ನಕ್ಕ. ಅವನೇನು ಕೆಟ್ಟ ಮನುಷ್ಯನಲ್ಲ, ಅವನ ನಗು ಕೆಟ್ಟದು. "ಪರೀಕ್ಷೆ ಹೇಗಿರುತ್ತೆ ಗೊತ್ತಾ? ನಾನೂರು ಮೀಟರ್ ಫ್ರೀಸ್ಟೈಲ್. ಈ ಗೋಡೆಯಿಂದ ಆ ಗೋಡೆಗೆ ಹದಿನಾರು ಸಲ. ಹತ್ತು ನಿಮಿಷದೊಳಗೆ. ನಿಮಗೆ ವಯಸ್ಸೆಷ್ಟು?"

"ನಲವತ್ತೆಂಟು. ವಯಸ್ಸಿಗೂ ಪರೀಕ್ಷೆ ಇದೆಯಾ?"

ಅವನು ನಿಯಮದ ಪುಸ್ತಕ ತಿರುವಿದ. ಹದಿನೆಂಟು ತುಂಬಿರಬೇಕು ಎಂದಷ್ಟೇ ಇತ್ತು. ಸರಿ, ಎರಡು ತಿಂಗಳು ಎಂದು ಒಪ್ಪಿಕೊಂಡ. ನೋಟಿಸನ್ನು ಕಿತ್ತು ಮೇಜಿನ ಖಾನೆಯಲ್ಲಿಟ್ಟುಕೊಂಡ, ಬೇಕಾಗುತ್ತೆ ಎಂಬ ಭರವಸೆಯಿಂದ.

ಚೀಟಿಯಕ್ಕ ಈಜು ಕಲಿತದ್ದು ಅಣ್ಣಂದಿರ ಜೊತೆ, ಕಲ್ಲುಕ್ವಾರಿಯ ಗುಂಡಿಯಲ್ಲಿ. ಅಲ್ಲಿ ತಲೆ ನೀರಿನ ಮೇಲೆತ್ತಿಕೊಂಡು ಕೈಕಾಲು ಬಡಿಯುವುದೇ ಈಜು. ಮುಳುಗದೆ ದಡ ಸೇರಿದರೆ ಸಾಕು, ಸೇರಿದ್ದು ಹೇಗೆಂದು ಕೇಳುವವರಿಲ್ಲ. ನಮ್ಮ ಮಾತೂ ಹಾಗೇ ಇದೆಯಲ್ಲ: ಬಣ್ಣ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ನಿದ್ದೆಯನ್ನೂ ಬಿಡದೆ ಹೊಡೆಯುತ್ತೇವೆ. ಈಜು ಹೊಡೆಯುವುದೆಂದರೆ ನೀರಿಗೆ ಹೊಡೆಯುವುದು ಎಂದು ಅವಳು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕಲಿಸಲು ಸಿಕ್ಕವನು ಪಂಪಜ್ಜ. ಕೊಳದ ಪಂಪು, ಫಿಲ್ಟರು, ಕ್ಲೋರಿನ್ನು ಎಲ್ಲ ಮೂವತ್ತು ವರ್ಷದಿಂದ ಅವನ ಕೈಯಲ್ಲಿ. ಪ್ರಾಯದಲ್ಲಿ ಪಂದ್ಯಗಳಲ್ಲಿ ಈಜಿದವನಂತೆ. ಅವನಿಗೆ ಕಟ್ಟಿಸಿದ ಹಲ್ಲು. ಒಂದು ಸಲ ಆಳದ ಕಡೆ ನಿಂತು ಯಾರನ್ನೋ ಬೈಯುವಾಗ ಮೇಲಿನ ಸೆಟ್ಟು ನೀರಿಗೆ ಬಿದ್ದು, ಮೂರು ದಿನ ಹುಡುಕಿ ಫಿಲ್ಟರಿನಿಂದ ತೆಗೆಯಬೇಕಾಯಿತು. ಅಂದಿನಿಂದ ನೀರಿನ ಹತ್ತಿರ ಬರುವ ಮೊದಲು ಹಲ್ಲು ತೆಗೆದು ಡಬ್ಬಿಗೆ ಹಾಕಿ ಜೇಬಿಗಿಳಿಸುವನು. ಹಲ್ಲಿಲ್ಲದ ಬಾಯಿ ಒಳಗೆ ಸೇದಿಕೊಂಡು ತುಟಿ ದುಂಡಗಾಗಿ, ಅವನು 'ನೀರು' ಎಂದರೆ 'ನೂರು' ಎಂದು ಕೇಳುತ್ತಿತ್ತು. ಚೀಟಿಯಕ್ಕನ ಕಿವಿಯ ಮೇಲೆ ರಬ್ಬರ್ ಟೋಪಿ ಬೇರೆ.

ಮೂರು ವಾರ ಕಳೆಯಿತು. ಹನ್ನೆರಡು ನಲವತ್ತು, ಹನ್ನೆರಡು ಇಪ್ಪತ್ತೆಂಟು, ಮತ್ತೆ ಹನ್ನೆರಡು ಮೂವತ್ತೈದು. ಸಮಯ ಇಳಿಯಲಿಲ್ಲ, ಭುಜ ಮಾತ್ರ ಊದಿತು. ಚೀಟಿ ಹರಿಯಲು ಕೈ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಸಂಜೆ ಗಂಡನ ಇಸ್ತ್ರಿ ಅಂಗಡಿಯಲ್ಲಿ ಮೇಜಿನ ಮೇಲೆ ಬೋರಲು ಮಲಗಿದಳು. ಅವನು ಬಟ್ಟೆಯೊಂದನ್ನು ಬಿಸಿ ಮಾಡಿ ಭುಜಕ್ಕೆ ಒತ್ತುತ್ತ ಅಂದ, "ಬೀದಿಯಲ್ಲಿ ಹೋಗೋರು ನೋಡಿದ್ರೆ ಹೆಂಡತೀನೂ ಮಡಚಿಡ್ತಾನೆ ಅಂತಾರೆ."

"ಅನ್ನಲಿ ಬಿಡಿ."

"ಅಜ್ಜ ಏನು ಹೇಳ್ಕೊಡ್ತಾನೆ?"

"ಹೊಡಿ ಅಂತಾನೆ."

"ನೀನು ಹೊಡೀತಿಲ್ವಾ?"

"ಹೊಡೀತಿದ್ದೀನಿ. ನಾನು ಹೊಡೆದಷ್ಟೂ ಅದೂ ತಿರುಗಿ ಹೊಡೀತಿದೆ."

ಅವನು ಬಟ್ಟೆಯನ್ನು ಮತ್ತೆ ಬಿಸಿ ಮಾಡಿಕೊಂಡು ಒತ್ತಿದ. ಆಮೇಲೆ ಮೆಲ್ಲಗೆ, "ಬಿಟ್ಬಿಡೇ. ಕೈ ಕಳ್ಕೊಂಡ್ರೆ ಕೌಂಟರೂ ಹೋಗುತ್ತೆ," ಎಂದ.

"ಬಿಡಲ್ಲ." ಅವಳಿಗೆ ಅಳು ಬಂತು. ಮೇಜಿನ ಮೇಲಿನ ಕಂಬಳಿಗೆ ಮುಖ ಒತ್ತಿ ಅತ್ತಳು, ಅಳುತ್ತಲೇ ಬೈದಳು. "ಬಕೆಟ್ ಅಂತೆ ಬಕೆಟ್! ಮೊಣಕಾಲಜ್ಜಿ ಬಕೆಟ್‌ನಲ್ಲಿ ನಡೀತಾಳಾ? ನಂದು ಇರೋದೇ ಕಾಲು ಗಂಟೆ. ಅದನ್ನೂ ಕಿತ್ಕೊಂಡು ಅಲ್ಲೇ ಕೂತು ಗಂಡಸರ ಕ್ಲಬ್ಬಿಗೆ ಚೀಟಿ ಹರಿದು ಕೊಡಬೇಕಾ ನಾನು? ಸಾಯ್ತೀನಿ, ಬಿಡಲ್ಲ."

"ಸಾಯೋದು ಬೇಡ. ಹೋಗಿ ಅಜ್ಜನ ಜೊತೆ ಜಗಳ ಆಡು. ನಿನಗೆ ಅದು ಚೆನ್ನಾಗಿ ಬರುತ್ತೆ."

ಮರುದಿನ ಮಧ್ಯಾಹ್ನ ಅವಳು ಜಗಳಕ್ಕೆಂದೇ ಪಂಪಿನ ಕೋಣೆಗೆ ಹೋದಳು. ಅಜ್ಜ ಕ್ಲೋರಿನ್ ಡ್ರಮ್ಮಿನ ಪಕ್ಕದಲ್ಲಿ ಕೂತು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ. ಬಾಯಲ್ಲಿ ಹಲ್ಲಿತ್ತು.

"ಅಜ್ಜಾ, ಇನ್ನೆಷ್ಟು ಹೊಡೀಲಿ ನಾನು? ಹೊಡೆದು ಹೊಡೆದು ಭುಜ ಬಿದ್ದುಹೋಗ್ತಿದೆ."

"ಅದೇ ನಾನೂ ನೋಡ್ತಿದ್ದೀನಿ. ಯಾಕಮ್ಮಾ ಹಾಗೆ ಹೊಡೀತೀಯ? ನೀರು ನಿನಗೇನು ಮಾಡಿತ್ತು?"

"ಹೊಡಿ ಹೊಡಿ ಅಂತ ಮೂರು ವಾರದಿಂದ ಬಾಯಿ ಬಡ್ಕೊಳ್ತಿರೋದು ನೀವಲ್ವಾ!"

ಅಜ್ಜನ ಕೈಯಲ್ಲಿದ್ದ ಬಿಸ್ಕತ್ತಿನ ಅರ್ಧ ಚಹಾದೊಳಗೆ ಬಿತ್ತು. "ಹೊಡಿ ಅಂದ್ನಾ? ನಾನಾ? ಅಯ್ಯೋ ನನ್ನ ಕರ್ಮವೇ! ಹಿಡಿ ಅಂದೆ ಕಣಮ್ಮಾ! ಹಿಡಿ! ನೀರು ಹಿಡಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಚೀಟಿಯಕ್ಕನೇ. ಭುಜ ಹಿಡಿದುಕೊಂಡು, ನೋವಿಗೆ ಅಮ್ಮಾ ಎನ್ನುತ್ತ, ನಿಲ್ಲಿಸಲಾಗದೆ ನಕ್ಕಳು.

"ಏಣಿ ಹತ್ತೋವಾಗ ಏನು ಮಾಡ್ತೀಯ?" ಅಜ್ಜ ಎದ್ದು ನಿಂತ. "ಮೆಟ್ಟಿಲಿಗೆ ಹೊಡೀತೀಯಾ? ಹಿಡೀತೀಯ. ಹಿಡಿದ ಮೇಲೆ ಮೆಟ್ಟಿಲು ಅಲ್ಲೇ ಇರುತ್ತೆ, ನೀನು ಮೇಲಕ್ಕೆ ಹೋಗ್ತೀಯ. ನೀರೂ ಹಾಗೇ. ಕೈ ಮುಂದೆ ಚಾಚಿ ನೀರು ಹಿಡಿ, ಹಿಡಿದ ಕೈ ದಾಟಿ ನೀನು ಮುಂದೆ ಹೋಗು. ಬಾ ಇಲ್ಲಿ."

ಅವಳನ್ನು ಡ್ರಮ್ಮಿನ ಮುಂದೆ ಬಗ್ಗಿಸಿ ನಿಲ್ಲಿಸಿ, ಅದರ ಮೇಲೆ ಕೈ ಹಾಕು ಎಂದ. ಮೊಣಕೈ ಡ್ರಮ್ಮಿನ ಮೇಲೆ ಉಳಿಯಿತು, ಮುಂಗೈ ಅದರಾಚೆ ನೆಟ್ಟಗೆ ಕೆಳಗಿಳಿಯಿತು. "ಹಾಂ, ಇದೇ. ಮೊಣಕೈ ಬೀಳಬಾರದು. ಅಂಗೈ ಒಂದೇ ಅಲ್ಲ, ಬೆರಳಿಂದ ಮೊಣಕೈವರೆಗೂ ಹಿಡೀಬೇಕು. ಆಮೇಲೆ ಆ ತಲೆ! ಗೋಡೆ ಎಲ್ಲಿಗಾದ್ರೂ ಓಡಿಹೋಗುತ್ತಾ, ಅಷ್ಟು ಕಾಯ್ತೀಯಲ್ಲ ಅದನ್ನ? ನೀನು ತಲೆ ಎತ್ತಿದಷ್ಟೂ ಕಾಲು ಮುಳುಗುತ್ತೆ, ಮುಳುಗಿದ ಕಾಲನ್ನ ಎಳ್ಕೊಂಡು ಹೋಗೋದರಲ್ಲೇ ಜೀವ ಹೋಗುತ್ತೆ. ನೆಲ ನೋಡು. ಉಸಿರು ಬೇಕಾದ್ರೆ ಮೈ ಹೊರಳಿಸು, ಒಂದು ಕಣ್ಣು ನೀರಲ್ಲೇ ಇರಲಿ."

"ಗಡಿಯಾರ?"

"ಗಡಿಯಾರ ಬಿಸಾಕು. ಎಣಿಸು. ಒಂದು ಗೋಡೆಯಿಂದ ಇನ್ನೊಂದಕ್ಕೆ ಎಷ್ಟು ಕೈ ಅಂತ."

ಎಣಿಸಿದಳು. ಮೊದಲ ದಿನ ಮೂವತ್ತೆಂಟು. ಇಷ್ಟಗಲದ ಕೊಳಕ್ಕೆ ಮೂವತ್ತೆಂಟು ಕೈ! ನಾಚಿಕೆಯಾಯಿತು. ಮುಖ ನೀರಿನೊಳಗಿಟ್ಟು ಕಣ್ಣು ತೆರೆದಾಗ, ಹದಿನಾಲ್ಕು ವರ್ಷದಿಂದ ಇಳಿಯುತ್ತಿದ್ದ ಕೊಳದ ತಳವನ್ನು ತಾನು ಸರಿಯಾಗಿ ನೋಡೇ ಇಲ್ಲ ಎಂದು ಗೊತ್ತಾಯಿತು. ತಳದಲ್ಲಿ ಕಪ್ಪು ಹೆಂಚಿನ ಒಂದು ಗೆರೆಯಿತ್ತು, ಒಂದು ಕಡೆ ಸೀಳಿದ ಹೆಂಚು, ಯಾರೋ ಬೀಳಿಸಿದ ಕೂದಲಿನ ಪಿನ್ನು. ಆ ಗೆರೆಯ ಮೇಲೆ ಹೋಗತೊಡಗಿದಳು. ಚಾಚು, ಹಿಡಿ, ಹೋಗು. ಮೊದಲ ವಾರ ಏನೂ ಹಿಡಿಗೆ ಸಿಗಲಿಲ್ಲ, ನೀರು ಬೆರಳ ಸಂದಿಯಲ್ಲಿ ನುಣುಚಿ ನಗುತ್ತಿತ್ತು. ಒಂದು ಬೆಳಿಗ್ಗೆ, ಕೊಳ ತೆರೆಯುವ ಮುಂಚೆ, ಎಡಗೈ ಮುಂದೆ ಚಾಚಿ ಮೊಣಕೈ ಮೇಲಿಟ್ಟು ಕೈ ಇಳಿಸಿದಾಗ ಅಂಗೈಗೆ ಏನೋ ಗಟ್ಟಿಯಾದದ್ದು ಸಿಕ್ಕಿತು. ನೀರೇ. ಒತ್ತಿದಳು, ಮೈ ಮುಂದಕ್ಕೆ ಜಾರಿತು. ಇನ್ನೊಂದು ಕೈ ಹಾಕುವ ಅವಸರವೇ ಇರಲಿಲ್ಲ. ಅವಳು ಗೋಡೆ ಮುಟ್ಟಿ ಎದ್ದು ನಿಂತು, ಯಾರೂ ಇಲ್ಲದ ಕೊಳದಲ್ಲಿ "ಸಿಕ್ತು!" ಎಂದು ಕಿರುಚಿದಳು.

ಮೂವತ್ತೆಂಟು ಮೂವತ್ತೆರಡಾಯಿತು, ಇಪ್ಪತ್ತೆಂಟಾಯಿತು, ಇಪ್ಪತ್ತನಾಲ್ಕಕ್ಕೆ ನಿಂತಿತು. ನೀರು ಚಿಮ್ಮುವುದು ನಿಂತದ್ದರಿಂದ ಅಜ್ಜನ ಪೈಜಾಮ ಒಣಗಿಯೇ ಇರುತ್ತಿತ್ತು. ಭುಜದ ಊತ ಇಳಿಯಿತು. ಏಳನೆಯ ವಾರ ಟೀಚರಮ್ಮ ತಡೆಯಲಾಗದೆ ಕದ್ದು ಗಡಿಯಾರ ನೋಡಿದರು. ಒಂಬತ್ತು ನಿಮಿಷ ನಲವತ್ತು ಸೆಕೆಂಡು. ಯಾರಿಗೂ ಹೇಳಲಿಲ್ಲ, ಕಣ್ಣು ತಾಗೀತೆಂದು.

ಪರೀಕ್ಷೆಯ ದಿನ ಹೆಂಗಸರೆಲ್ಲ ಒಂಬತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಇಸ್ತ್ರಿ ಅಂಗಡಿಗೆ ಬೀಗ ಹಾಕಿ ಬಂದ ಗಂಡ ಗೇಟಿನ ಹೊರಗಿನಿಂದ ಸರಳು ಹಿಡಿದು ನೋಡುತ್ತಿದ್ದ. ಪರೀಕ್ಷಕಿ ಬಿಸಿಲು ಟೋಪಿ ಹಾಕಿಕೊಂಡ ಗಟ್ಟಿಮುಟ್ಟಾದ ಹೆಂಗಸು. ಸ್ಟಾಪ್‌ವಾಚನ್ನು ತಾನಿಟ್ಟುಕೊಂಡು, "ಎಷ್ಟು ಸಲ ಅನ್ನೋದನ್ನ ನೀವು ಎಣಿಸಿ, ನಿಮ್ಮ ಕೊಳ ತಾನೇ," ಎಂದು ಮ್ಯಾನೇಜರನ ಕೈಗೆ ಪೆನ್ಸಿಲು ಕಾಗದ ಕೊಟ್ಟಳು. ಪಂಪಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಊರಿನವರೆದುರು ಮರ್ಯಾದೆ ಎಂದು ಹಲ್ಲನ್ನೂ ಹಾಕಿಕೊಂಡೇ ಬಂದಿದ್ದ.

ಸೀಟಿ ಕೂಗಿತು. ಚೀಟಿಯಕ್ಕ ಗೋಡೆ ಒದ್ದು ಹೊರಟಳು.

ಮೊದಲ ನಾಲ್ಕು ಸಲ ಎದೆಬಡಿತವೇ ಕಿವಿ ತುಂಬಿತ್ತು. ಆಮೇಲೆ ಅದು ಹಿಂದೆ ಸರಿಯಿತು. ಸೀಳಿದ ಹೆಂಚು ಬಂತು, ಹೋಯಿತು, ಮತ್ತೆ ಬಂತು. ಇಪ್ಪತ್ತನಾಲ್ಕು, ಗೋಡೆ. ಇಪ್ಪತ್ತನಾಲ್ಕು, ಗೋಡೆ. ಹತ್ತನೆಯದರಲ್ಲಿ ಇಪ್ಪತ್ತಾರಾಯಿತು, ಗದರಿಕೊಂಡು ಮತ್ತೆ ಇಪ್ಪತ್ತನಾಲ್ಕಕ್ಕೆ ತಂದಳು. ಹದಿನಾರನೆಯದು ಮುಗಿದು ಕೈ ಗೋಡೆಗೆ ತಾಗಿದಾಗ ಉಸಿರು ಏರಿತ್ತು, ಆದರೆ ಅವಳದ್ದಾಗಿಯೇ ಇತ್ತು.

ಟೋಪಿ ಕಿವಿಯಿಂದ ಸರಿಸಿ ಮೇಲೆ ನೋಡಿದಳು. ಮೆಟ್ಟಿಲ ಮೇಲೆ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮ್ಯಾನೇಜರ್ ಫೋನನ್ನು ಕಿವಿಯಿಂದ ತೆಗೆದು ಕಾಗದ ನೋಡಿದ.

"ಹದಿನೈದು," ಎಂದ. "ಇನ್ನೊಂದು ಬಾಕಿ ಇದೆ."

"ಹದಿನಾರಾಯ್ತು!" ಮೆಟ್ಟಿಲಿಗೆ ಮೆಟ್ಟಿಲೇ ಕೂಗಿತು.

"ಕಾಗದದಲ್ಲಿ ಹದಿನೈದು ಗೀಟಿದೆ. ನಾನೇನು ಮಾಡಲಿ?"

ಪರೀಕ್ಷಕಿ ಕಾಗದ ನೋಡಿದಳು, ಗಡಿಯಾರ ನೋಡಿದಳು. ಗಡಿಯಾರ ನಿಲ್ಲಿಸಿರಲಿಲ್ಲ. ಒಂಬತ್ತು ಇಪ್ಪತ್ತು ದಾಟಿತ್ತು. ಚೀಟಿಯಕ್ಕ ಬಾಯಿ ತೆರೆದಳು. ಬಾಯಲ್ಲಿ ಬರಬೇಕಾದ ಮಾತುಗಳು ಒಂದಲ್ಲ, ನೂರು ಸಾಲುಗಟ್ಟಿದ್ದವು, ಒಂದಕ್ಕಿಂತ ಒಂದು ಖಾರ. ವಾದ ಮಾಡಿದರೆ ಗೆಲ್ಲುತ್ತಿದ್ದಳು ಕೂಡ, ಆದರೆ ಅಷ್ಟರಲ್ಲಿ ಹತ್ತು ನಿಮಿಷ ತುಂಬಿಬಿಡುತ್ತಿತ್ತು.

"ಹದಿನೇಳು ತಗೊಳ್ಳಿ," ಎಂದಳು. ಟೋಪಿ ಎಳೆದುಕೊಂಡು ಗೋಡೆ ಒದ್ದಳು.

ಕೋಪ ಮೈಯೆಲ್ಲ ತುಂಬಿತ್ತು. ಮೊದಲ ಕೈ ನೀರಿಗೆ ಬಾರಿಸಿತು, ಎರಡನೆಯದೂ ಬಾರಿಸಿತು. ನೀರು ಗುಳ್ಳೆಯಾಗಿ ಒಡೆದು ಅಂಗೈ ಖಾಲಿಯಾಯಿತು. ಭುಜದಲ್ಲಿ ಹಳೆಯ ನೋವು ಚಳಕ್ ಎಂದಿತು. ಮೂರನೆಯ ಕೈಗೂ ಹೊಡೆಯುತ್ತಿದ್ದಳು, ಅಷ್ಟರಲ್ಲಿ ಅವಳ ಮುಖದ ಮುಂದಿನಿಂದ ಏನೋ ಬೆಳ್ಳಗೆ, ತಿರುಗುತ್ತ, ನಿಧಾನವಾಗಿ ತಳಕ್ಕೆ ಇಳಿಯಿತು. ಕಪ್ಪು ಗೆರೆಯ ಮೇಲೆ ಕೂತು ಅವಳನ್ನು ನೋಡಿ ಹಲ್ಲು ಕಿರಿಯಿತು. ಪಂಪಜ್ಜನ ಮೇಲಿನ ಸೆಟ್ಟು.

ಟೋಪಿಯ ಕೆಳಗೆ ಅವಳಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಆದರೆ ಹಲ್ಲು ಹಾರಿಬೀಳುವಷ್ಟು ಜೋರಾಗಿ ಅಜ್ಜ ಕೂಗಿದ್ದು ಏನೆಂದು ಈ ಸಲ ಯಾರೂ ಹೇಳಬೇಕಾಗಿರಲಿಲ್ಲ. ನೀರಿನೊಳಗೇ ನಗು ಬಂದು ಮೂಗಿನಿಂದ ಗುಳ್ಳೆಗಳು ಹೊರಟವು. ಕೈ ಚಾಚಿದಳು, ಮೊಣಕೈ ಡ್ರಮ್ಮಿನ ಮೇಲಿಟ್ಟಳು, ಹಿಡಿದಳು.

ಇತ್ತ ದಡದ ಮೇಲೆ ಮೊಣಕಾಲಜ್ಜಿ ಕೋಲೂರಿಕೊಂಡು ಮ್ಯಾನೇಜರನ ಹತ್ತಿರ ಬಂದಿದ್ದಳು. "ಏನಪ್ಪಾ, ಅವಳು ಹೊರಟಿದ್ದು ಯಾವ ಕಡೆಯಿಂದ?"

"ಈ ಕಡೆಯಿಂದ."

"ಈಗ ತಾನೇ ಬಂದು ಮುಟ್ಟಿದ್ದು?"

"ಇದೇ ಗೋಡೆ."

"ಹದಿನೈದಾಗಿದ್ರೆ ಆ ಕಡೆ ಗೋಡೇಲಿ ಇರಬೇಕಿತ್ತಲ್ಲಪ್ಪಾ. ಹೋಗಿದ್ದೋಳು ಬರದೆ ಇಲ್ಲಿಗೆ ಹ್ಯಾಗೆ ಬಂದ್ಲು, ನೆಲದಡಿ ಬಿಲ ತೋಡಿಕೊಂಡಾ? ನನಗೆ ಕೆಟ್ಟಿರೋದು ಮೊಣಕಾಲು, ತಲೆ ಅಲ್ಲ."

ಮ್ಯಾನೇಜರ್ ಈ ಗೋಡೆ ನೋಡಿದ, ಆ ಗೋಡೆ ನೋಡಿದ, ಕಾಗದ ನೋಡಿದ. ಪರೀಕ್ಷಕಿ ಟೋಪಿ ಮುಖಕ್ಕೆ ಅಡ್ಡ ಹಿಡಿದು ನಕ್ಕಳು. ಆಚೆ ತುದಿಯಲ್ಲಿ ಚೀಟಿಯಕ್ಕನ ಕೈ ಗೋಡೆಗೆ ತಾಗಿತು, ಪರೀಕ್ಷಕಿಯ ಹೆಬ್ಬೆರಳು ಗಡಿಯಾರ ಒತ್ತಿತು. ಒಂಬತ್ತು ನಿಮಿಷ ಐವತ್ತೇಳು ಸೆಕೆಂಡು.

"ನಾನೂರಕ್ಕೆ ಕೇಳಿದ್ದು. ನಾನೂರ ಇಪ್ಪತ್ತೈದು ಕೊಟ್ಟಿದ್ದಾರೆ," ಎಂದು ಅವಳು ಕಾಗದದ ಮೇಲೆ ಸಹಿ ಹಾಕಿದಳು. "ಇನ್ನೊಂದು ಪರೀಕ್ಷೆ ಇದೆ. ತಳಕ್ಕೆ ಇಟ್ಟಿಗೆ ಹಾಕ್ತೀವಿ, ಮುಳುಗಿ ತರಬೇಕು."

"ಇಟ್ಟಿಗೆ ಆಮೇಲೆ ಹಾಕಿ ಮೇಡಂ," ಆಚೆ ದಡದಿಂದ ಚೀಟಿಯಕ್ಕ ಕೂಗಿದಳು. "ಮೊದಲು ಅಜ್ಜಂದು ಇದೆ." ವಾಪಸು ಈಜಿ ಬಂದು ಮುಳುಗಿದವಳು ಮುಷ್ಟಿ ಮೇಲೆತ್ತಿಕೊಂಡು ಎದ್ದಳು. ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಪಂಪಜ್ಜ ಇನ್ನೊಂದು ಕೈ ಚಾಚಿದ. ಅವನ ಕಣ್ಣು ಒದ್ದೆಯಾಗಿತ್ತು. ಏನೋ ಹೇಳಿದ, ಒಂದಕ್ಷರವೂ ಯಾರಿಗೂ ಅರ್ಥವಾಗಲಿಲ್ಲ.

ಮುಂದಿನ ತಿಂಗಳ ಮೊದಲ ದಿನ, ಬೆಳಿಗ್ಗೆ ಹತ್ತು ಗಂಟೆ. ಕೊರಳಿಗೆ ಸೀಟಿ ಹಾಕಿಕೊಂಡು ಚೀಟಿಯಕ್ಕ ಕೊಳದ ಪಕ್ಕದ ಎತ್ತರದ ಕುರ್ಚಿ ಹತ್ತಿದಳು. ಹತ್ತಿ ಕೂತ ಮೇಲೆ, ಎರಡು ತಿಂಗಳಲ್ಲಿ ಯಾರಿಗೂ ಹೊಳೆಯದ ಒಂದು ಸಂಗತಿ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಹತ್ತರಿಂದ ಹನ್ನೊಂದರವರೆಗೆ ಕೌಂಟರಿನಲ್ಲಿ ಕೂರುವವರು ಯಾರೂ ಇರಲಿಲ್ಲ. ಗೇಟಿನಲ್ಲಿ ಇಪ್ಪತ್ತು ಹೆಂಗಸರು ಸಾಲು ನಿಂತಿದ್ದರು, ಎಲ್ಲರಿಗಿಂತ ಮುಂದೆ ಮೊಣಕಾಲಜ್ಜಿ.

"ಒಂದು ಹೆಂಗಸರದ್ದು ಕೊಡಪ್ಪ," ಎಂದು ಅಜ್ಜಿ ಕೋಲಿನಿಂದ ಗಾಜು ತಟ್ಟಿದಳು.

ಗಾಜಿನ ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಪುಸ್ತಕ ಮಗುಚಿದ ಸದ್ದಾಯಿತು. ಒಂದು ಚೀಟಿ ಅಡ್ಡಡ್ಡ ಹರಿಯಿತು, ಇನ್ನೊಂದೂ ಹರಿಯಿತು. ಆಮೇಲೆ ಅರ್ಧಚಂದ್ರದ ಕಿಂಡಿಯಿಂದ ಮ್ಯಾನೇಜರನ ಕೈ, ಮೂಲೆ ಹರಿದ ಒಂದು ಚೀಟಿ ಹಿಡಿದುಕೊಂಡು, ಮೆಲ್ಲಗೆ ಹೊರಗೆ ಬಂತು.